ಬಾಗಿಲ ಮೇಲೆ ಪಾಸ್ಟರಯ್ಯ

"ಈ ಬಾಗಿಲು ಕಿತ್ತಿದ್ದು ನಾನೇ, ಒಂದೇ ಕೈಲಿ!" ಚರ್ಚು ಗುಡಿಸುವ ಅಜ್ಜಿ ಗದರಿದಳು. ಅಂಗಳದಲ್ಲಿ ಎರಡು ಡ್ರಮ್ಮುಗಳ ಮೇಲೆ ಅಡ್ಡ ಮಲಗಿಸಿದ್ದ ಬಾಗಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. "ಇದನ್ನ ಮುಟ್ಟೋರು ನನ್ನನ್ನೂ ಸೇರಿಸಿ ಎತ್ಕೊಂಡ್ಹೋಗಿ."

ಸ್ಕ್ರೂಡ್ರೈವರ್ ಹಿಡಿದಿದ್ದ ಬಡಗಿ ನಕ್ಕ. "ಕಿತ್ತಿದ್ದು ನಾನಜ್ಜಿ. ನೀನು ಚಮಚ ಕೊಟ್ಟೆ, ಅಷ್ಟೆ."

"ಸರಿ, ಅರ್ಧ ಸುಳ್ಳು. ಚಮಚ ಇಲ್ದಿದ್ರೆ ಹಲ್ಲಲ್ಲಿ ಕೀಳ್ತಿದ್ಯಾ?"

ಸಭೆಯ ಯಜಮಾನರು ಗಡಿಯಾರ ನೋಡಿಕೊಂಡರು. ಅವರ ಅಂಗೈಯಲ್ಲಿ ಹೊಸ ಹಿತ್ತಾಳೆ ಕೀಲುಗಳಿದ್ದವು. "ತೀರ್ಕೊಂಡ ಪಾಸ್ಟರಿಗೆ ಹತ್ತಕ್ಕೆ ಮಣ್ಣಿನ ಪ್ರಾರ್ಥನೆ. ದೊಡ್ಡೋರೆಲ್ಲಾ ಬರ್ತಿದ್ದಾರೆ. ಬಾಗಿಲು ಕೂರಿಸಿ ಹಾಕ್ಬೇಕು. ಚರಂಡಿ ತೊಳೆಯೋರು ಪ್ರಾರ್ಥನೆ ಮುಗಿಯೋ ತನಕ ಹೊರಗಿರ್ಲಿ. ಆಮೇಲೆ ಬಂದು ಮುಖ ನೋಡ್ಲಿ, ಬೇಡ ಅಂದವರ್ಯಾರು?"

"ಇವತ್ತೊಂದಿನ ತಾನೆ?" ಅಜ್ಜಿ ಕೇಳಿದಳು.

"ಇನ್ಮುಂದೆ ಎಲ್ಲಾ ದಿನ."

ಅಜ್ಜಿ ಬಾಗಿಲಂಚು ಬಿಗಿಯಾಗಿ ಹಿಡಿದಳು. ಕೂತ ಜಾಗ ಬಿಡಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಒಂದು ಭಾನುವಾರ. ಪಾಸ್ಟರಯ್ಯ ಕೈಯೆತ್ತಿ ಹಾಡು ನಿಲ್ಲಿಸಿದರು. ಒಳಗೆಲ್ಲ ಗಪ್‌ಚಿಪ್. ಮುಚ್ಚಿದ ಬಾಗಿಲ ಆಚೆ ಮಾತ್ರ ಹಾಡು ಮುಂದುವರಿದಿತ್ತು!

ತೆರೆದು ನೋಡಿದರೆ, ಚರಂಡಿ ತೊಳೆದು ಸೀದಾ ಬಂದವರು ಮೆಟ್ಟಿಲ ಮೇಲೆ ಮುದುಡಿ ಕೂತಿದ್ದಾರೆ.

"ಒಳಗೆ ಬನ್ನಿ."

"ವಾಸನೆ ಬರುತ್ತಯ್ಯಾ. ನೀವು ಬಾಗಿಲು ಹಾಕ್ಕೊಳ್ಳಿ."

"ಯಾವ ಬಾಗಿಲು?" ಎಂದ ಪಾಸ್ಟರಯ್ಯ, ಬೆಂಚಿನಲ್ಲಿದ್ದ ಬಡಗಿಯ ಕಡೆ ತಿರುಗಿದರು.

ಚಮಚದ ಹಿಡಿಯಲ್ಲೇ ಸ್ಕ್ರೂಗಳೆಲ್ಲ ಉದುರಿದವು. ಅಂದಿನಿಂದ ಆ ಬಾಗಿಲು ಅಂಗಳದ ಊಟದ ಮೇಜಾಯಿತು. ಪಾಸ್ಟರಯ್ಯ ಚರಂಡಿಯವರ ನಡುವೆ ಕೂತು ಉಂಡರು. ಅರ್ಧ ಸಭೆ ಮುನಿಸಿಕೊಂಡು ಎದ್ದು ಹೋಯಿತು. "ಹೋಗ್ಲಿ ಬಿಡಜ್ಜಿ, ಕಾಲು ಚಾಚೋಕೆ ಜಾಗ ಆಯ್ತು" ಅಂದರು ಪಾಸ್ಟರಯ್ಯ.

*

ಇವತ್ತು, ಪಕ್ಕದ ಪಾಸ್ಟರಯ್ಯನವರ ಮನೆಯಿಂದ ಆರು ಜನ ಚರಂಡಿಯವರು ಶವಪೆಟ್ಟಿಗೆ ಹೊತ್ತು ಅಂಗಳಕ್ಕೆ ಬಂದರು. ಲಟಕ್ ಎಂದು ಒಂದು ಹಿಡಿಕೆ ಕಿತ್ತು ಬಂತು.

"ಪೆಟ್ಟಿಗೆ ಮಾಡಿದ್ದು ನಾನೇ. ಹಿಡಿಕೆ ಬರೀ ಅಂದಕ್ಕೆ," ಎಂದ ಬಡಗಿ, ಯಜಮಾನರ ಮುಖ ನೋಡದೆ. "ಅಡಿಗೊಂದು ಗಟ್ಟಿ ಹಲಗೆ ಬೇಕು." ಆಮೇಲೆ ಅಜ್ಜಿಯ ಕಡೆ ಕಣ್ಣು ಹಾಯಿಸಿದ.

ಎಂಬತ್ತರ ಅಜ್ಜಿ ಹದಿನಾರರವಳಂತೆ ಕೆಳಗೆ ಹಾರಿದಳು. "ಇಡ್ರೋ ಇದರ ಮೇಲೆ!"

ಪಾಸ್ಟರಯ್ಯ ತಾವು ಕೀಳಿಸಿದ ಬಾಗಿಲ ಮೇಲೆಯೇ ಮಲಗಿ ಚರ್ಚಿನೊಳಗೆ ಹೊರಟರು. ಡ್ರಮ್ಮುಗಳನ್ನು ಅಜ್ಜಿ ಗಡಗಡ ಉರುಳಿಸಿಕೊಂಡು ಮುಂದೆ ನಡೆದಳು. ಹೊತ್ತು ತಂದವರು ಬಾಗಿಲನ್ನು ಡ್ರಮ್ಮುಗಳ ಮೇಲಿಟ್ಟು, ಯಾರ ಅಪ್ಪಣೆಗೂ ಕಾಯದೆ ಮೊದಲ ಬೆಂಚಿನಲ್ಲಿ ಕೂತರು.

"ಬಾಗಿಲು!" ಯಜಮಾನರು ಏದುಸಿರು ಬಿಟ್ಟರು.

"ತಗೊಳ್ಳಿ ಯಜಮಾನ್ರೇ, ಬೇಡ ಅಂದವರ್ಯಾರು? ಮೇಲೆ ಮಲಗಿರೋರನ್ನ ಒಂದ್ಮಾತು ಕೇಳ್ಬಿಟ್ಟು ತಗೊಳ್ಳಿ," ಅಂದಳು ಅಜ್ಜಿ.

ದೊಡ್ಡವರು ಬಂದರು, ಗೊಣಗಿದರು, ಕೂತರು. ಬೆಂಚುಗಳೆಲ್ಲ ತುಂಬಿದವು. ಉಳಿದದ್ದು ಒಂದೇ ಒಂದು ಜಾಗ: ಮೊದಲ ಬೆಂಚಿನಲ್ಲಿ, ಇಬ್ಬರು ಚರಂಡಿಯವರ ನಡುವೆ.

ಯಜಮಾನರು ಕೀಲುಗಳನ್ನು ಮುಷ್ಟಿಯಲ್ಲಿ ಹಿಡಿದು ಬರಿಯ ಚೌಕಟ್ಟಿನಲ್ಲಿ ನಿಂತಿದ್ದರು. ಅಜ್ಜಿ ಆ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿ, ಬಡಗಿಯ ಕಿವಿಯಲ್ಲಿ ಪಿಸುಗುಟ್ಟಿದಳು:

"ಮುಷ್ಟಿ ಸಡಿಲ ಆಗ್ತಿದೆ ನೋಡೋ. ಮುಂದೇನ್ಮಾಡ್ತಾರೆ? ನೀನೇ ಹೇಳು ನೋಡೋಣ."