ತಂದೆಯ, ಮಗನ ಮತ್ತು ಅಜ್ಜಿಯ ಹೆಸರಿನಲ್ಲಿ

ದೀಕ್ಷಾಸ್ನಾನವನ್ನು ಸಮುದ್ರದಲ್ಲೇ ಕೊಡಬೇಕೆಂದು ಹಟ ಹಿಡಿದವಳು ಮಾಲ್ಸುನ್ ಅಜ್ಜಿಯೇ. ಕೊರಿಯಾದ ಜೇಜು ದ್ವೀಪದ ಆ ಹಳ್ಳಿಯಲ್ಲಿ ಐವತ್ತು ವರ್ಷ ಉಸಿರು ಕಟ್ಟಿ ಮುಳುಗಿ, ಚಿಪ್ಪು, ಕಡಲಪಾಚಿ ಹೆಕ್ಕಿ ಸಂಸಾರ ಸಾಕಿದ ಹೆಂಗಸು ಚರ್ಚಿನ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮುಳುಗಿದರೆ ಮರ್ಯಾದೆ ಏನಾಗಬೇಕು? ಪಾಸ್ಟರ್ ಮಿನ್ ಒಪ್ಪಿಕೊಂಡರು. ದೊಡ್ಡ ಊರಿನಿಂದ ಬಂದ ಬಡಪಾಯಿ. ಈಜು ಬಾರದೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಸೊಂಟಮಟ್ಟದ ನೀರೇ ಅವರಿಗೆ ಮಹಾಸಾಗರ.

ಮಾಲ್ಸುನಳಿಗೆ ನಿಜವಾಗಿ ಬೇಕಾಗಿದ್ದದ್ದು ಸ್ನಾನವಲ್ಲ, ಆ ಹೊತ್ತಿಗೆ ಹೇಳುವ ಹೆಸರು. ಅಲ್ಲಿ ಮುಳುಗುವ ಪ್ರತಿ ಹೆಂಗಸಿಗೂ ಒಂದು ತೇಲುಬುರುಡೆ, ಅದಕ್ಕೆ ಹೊಲಿದ ಅವಳದೇ ಗುರುತಿನ ಬಟ್ಟೆ. ಮೇಲೆ ಅದು ತೇಲುತ್ತಿದ್ದರೆ ಕೆಳಗಿರುವವಳು ಯಾರೆಂದು ಊರಿಗೆಲ್ಲ ಗೊತ್ತು. ಹೋದ ವರ್ಷ ಅವಳ ಅಕ್ಕನ ತೇಲುಬುರುಡೆ ದಡಕ್ಕೆ ಬಂತು, ಅಕ್ಕ ಬರಲಿಲ್ಲ. "ದೀಕ್ಷಾಸ್ನಾನವಾದಾಗಿನಿಂದ ಅವರ ಮೇಲೆ ದೇವರ ಹೆಸರಿತ್ತು, ಅವರು ಕಳೆದುಹೋಗಿಲ್ಲ" ಎಂದು ಪಾಸ್ಟರ್ ಅವತ್ತು ಪ್ರಾರ್ಥನೆಯಲ್ಲಿ ಅಂದಿದ್ದರು. ಆ ಮಾತು ಮಾಲ್ಸುನಳ ಎದೆಯಲ್ಲಿ ಕೂತುಬಿಟ್ಟಿತು. ತಾನು ಮೇಲೆ ಬಾರದ ದಿನ ತನ್ನ ಮೇಲೂ ಆ ಹೆಸರಿರಬೇಕು.

ಭಾನುವಾರ ಬೆಳಿಗ್ಗೆ ಇಡೀ ಸಭೆ ಬಂಡೆಗಳ ಮೇಲೆ ಸೇರಿತು. ಮಾಲ್ಸುನಳ ಜೊತೆಯಲ್ಲೇ ಮುಳುಗುವ ಗೆಳತಿ ಚುನೊಕ್ ಚರ್ಚಿನವಳಲ್ಲ. ಆದರೂ ಒಣಗಿಸಿದ ಸ್ಕ್ವಿಡ್ ಜಗಿಯುತ್ತ ಎಲ್ಲರಿಗಿಂತ ಮುಂದೆ ಕೂತಿದ್ದಳು.

"ಅಲ್ಲ ಕಣೇ, ಇಷ್ಟು ವರ್ಷ ಮುಳುಗಿದ್ದು ಲೆಕ್ಕಕ್ಕಿಲ್ವಾ?"

"ಬಾಯಿ ಮುಚ್ಕೊಂಡು ಕೂತ್ಕೋ. ದೇವರು ನೋಡ್ತಿದ್ದಾನೆ."

"ನಮ್ಮ ಕಡಲಮ್ಮನೂ ನೋಡ್ತಿದ್ದಾಳೆ. ಇಬ್ರಿಗೂ ನಾನು ಕೇಳಿದೆ ಅಂತ ಹೇಳ್ಬಿಡು."

ಪಾಸ್ಟರ್ ಸೊಂಟಮಟ್ಟದ ನೀರಲ್ಲಿ ನಿಂತು ಮಾಲ್ಸುನಳ ಬೆನ್ನಿಗೆ ಕೈಕೊಟ್ಟು, "ತಂದೆಯ..." ಎನ್ನುತ್ತ ಹಿಂದಕ್ಕೆ ಬಾಗಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆದರೆ ನೀರು ಮುಖ ಮುಚ್ಚಿದ್ದೇ ತಡ, ಮಾಲ್ಸುನಳ ಕಣ್ಣುಗಳು ತಾವಾಗಿಯೇ ತೆರೆದುಕೊಂಡವು. ಅತ್ತಲಿನ ಬಂಡೆಯ ಸಂದಿಯಲ್ಲಿ ದಪ್ಪನೆಯ ಆಕ್ಟೋಪಸ್ ಒಂದು ಅವಳನ್ನೇ ನೋಡುತ್ತಿತ್ತು. ಬರಿಗೈಯಲ್ಲಿ ಮೇಲೇಳುವುದೆಂದರೆ ಮುಳುಗುವ ಹೆಂಗಸರಲ್ಲಿ ಮುಖ ತೋರಿಸಲಾಗದ ಸಂಗತಿ. ಒಂದು ಗಳಿಗೆ, ಹೋಗಿ ಬಂದುಬಿಡೋಣ ಎಂದುಕೊಂಡು ಅವಳು ಜಾರಿಕೊಂಡಳು.

"ಮಗನ..." ಎಂದ ಪಾಸ್ಟರ್ ಕೈ ನೋಡಿಕೊಂಡರು. ಕೈಯಲ್ಲಿ ಅಜ್ಜಿ ಇರಲಿಲ್ಲ. "ಅಜ್ಜಿ... ಅಜ್ಜಿ... ಅಯ್ಯೋ, ಅಜ್ಜಿ!"

ದೂರದಲ್ಲಿ, ಮುಳುಗುವವರು ಮೇಲೆದ್ದಾಗ ಬಿಡುವ ಸಿಳ್ಳೆಯಂಥ ಉಸಿರು ಬಿಡುತ್ತ ಮಾಲ್ಸುನ್ ಎದ್ದಳು. ಆಕ್ಟೋಪಸ್ ಅವಳ ಮೊಣಕೈವರೆಗೆ ಸುತ್ತಿಕೊಂಡಿತ್ತು.

"ಏನ್ ಸಿಕ್ತೇ?" ಅಂದಳು ಚುನೊಕ್, ದಿನಾ ಕೇಳುವ ಹಾಗೆಯೇ.

"ಎರಡು ಕೆಜಿಗೆ ಮೋಸ ಇಲ್ಲ."

ಪಾಸ್ಟರ್ ನೀರಲ್ಲೇ ಕುಸಿದು ಕೂತರು. ಅವರನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ದಡದಲ್ಲಿ ಚರ್ಚೆ ಎದ್ದಿತ್ತು.

"ಪವಿತ್ರಾತ್ಮನ ಹೆಸರು ಬರಲೇ ಇಲ್ಲ," ಎಂದರು ಸಭೆಯ ಹಿರಿಯ ಹ್ಯೊನ್. "ನಾನು ಕಿವಿಯಾರೆ ಕೇಳಿದೀನಿ. ಆಗಿರೋದು ತಂದೆಯ, ಮಗನ, ಅಜ್ಜಿಯ ಹೆಸರಲ್ಲಿ."

"ಅವಳಂತೂ ತಪ್ಪಿಸ್ಕೊಂಡ್ಳು. ಹೆಸರು ಬಿದ್ದಿದ್ರೆ ಆಕ್ಟೋಪಸ್ ಮೇಲೇ ಬಿದ್ದಿರ್ಬೇಕು," ಎಂದಳು ಚುನೊಕ್. "ಇನ್ನು ಅದನ್ನ ಬೇಯಿಸೋ ಹಾಗಿಲ್ಲ, ನಿಮ್ಮ ಸಭೆಯವನಾಯ್ತು."

ಆಕ್ಟೋಪಸ್ ಎಂದರೆ ಪ್ರಾಣ ಬಿಡುವ ಹ್ಯೊನ್ ಗಾಬರಿಯಾದರು. "ಛೆ ಛೆ, ಅದಕ್ಕೆ ದೀಕ್ಷೆಯ ತರಗತಿ ಆಗಿಲ್ಲ, ಪರೀಕ್ಷೆ ಆಗಿಲ್ಲ. ಅದು ಊಟಕ್ಕೇ."

ಎಲ್ಲರೂ ನಕ್ಕರು, ಮಾಲ್ಸುನ್ ನಗಲಿಲ್ಲ. ಆಕ್ಟೋಪಸ್ಸನ್ನು ಚುನೊಕ್‌ಳ ಮಡಿಲಿಗೆ ಹಾಕಿ ಪಾಸ್ಟರ್ ಮುಂದೆ ನಿಂತಳು.

"ನಿಜ ಹೇಳಿ ಪಾಸ್ಟರೇ. ನನ್ನ ಮೇಲೆ ಹೆಸರು ಬಂತಾ, ಇಲ್ವಾ?"

"ಇಲ್ಲ ಅಜ್ಜಿ. ಹೆದರ್ಕೊಂಡ್ಬಿಟ್ಟೆ. ಅರ್ಧಕ್ಕೇ ನಿಂತ್ಹೋಯ್ತು."

"ನಾನು ಕೆಳಗಿದ್ದಾಗ ಹೆಸರು ಮೇಲಿರ್ಬೇಕು. ಅಷ್ಟೇ ತಾನೇ ನಾನು ಕೇಳಿದ್ದು? ನನ್ನ ತೇಲುಬುರುಡೆ ಆಗ್ಬೇಕಾದ ನೀವೇ ಅಯ್ಯೋ ಅಂತ ಕೂತ್ರೆ ನಾನು ಯಾರ್ನ ನಂಬ್ಲಿ?"

"ಕೈ ಬಿಡಿಸ್ಕೊಂಡು ಓಡಿದ್ದು ನೀವಲ್ವಾ ಅಜ್ಜಿ?"

ಮಾಲ್ಸುನ್ ಕಾಲಬೆರಳು ನೋಡಿಕೊಂಡಳು. "ಅದೂ ಸರಿನೇ."

"ಇನ್ನೊಂದ್ಸಲ ಮಾಡೋಣ. ಹಿಡಿಯೋ ಕೆಲಸ ನಂದು. ನೀವು ಏನನ್ನೂ ಹಿಡಿಯೋ ಹಾಗಿಲ್ಲ."

ಪಾಸ್ಟರ್ ಎದೆಮಟ್ಟದ ನೀರಿಗೇ ಇಳಿದರು. ಅವಳ ನಿಲುವಂಗಿಯ ಕುತ್ತಿಗೆಪಟ್ಟಿಯನ್ನು ಎರಡು ಸುತ್ತು ತಿರುಚಿ ಮುಷ್ಟಿಯಲ್ಲಿ ಹಿಡಿದುಕೊಂಡರು. ಮಾಲ್ಸುನ್ ಮುಳುಗಿದಳು. ಬದುಕಿನಲ್ಲಿ ಮೊದಲ ಸಲ ನೀರಿನೊಳಗೆ ಕಣ್ಣು ಮುಚ್ಚಿದಳು. ಬೆರಳುಗಳು ಸುಮ್ಮನಿರಲೊಲ್ಲವು, ಅವನ್ನು ಮಡಿಚಿ ಎದೆಗೆ ಒತ್ತಿಕೊಂಡಳು. ಮೇಲಿನಿಂದ ದನಿ ಮಂದವಾಗಿ ಇಳಿದು ಬಂತು: ತಂದೆಯ, ಮಗನ, ಪವಿತ್ರಾತ್ಮನ. ಈ ಸಲ ಎಲ್ಲೂ ತಡವರಿಸಲಿಲ್ಲ. ಅಕ್ಕನೂ ಇದನ್ನೇ ಕೇಳಿದ್ದಳು ಎನ್ನಿಸಿ ಅವಳಿಗೆ ನೀರಿನೊಳಗೇ ಅಳು ಬಂತು.

ಅದೇ ಸಿಳ್ಳೆಯುಸಿರು ಬಿಡುತ್ತ ಎದ್ದಳು.

"ಏನ್ ಸಿಕ್ತೇ?"

ಮಾಲ್ಸುನ್ ಎರಡು ಬರಿಗೈಗಳನ್ನೂ ಎತ್ತಿ ತೋರಿಸಿದಳು. ಪಾಸ್ಟರ್ ಮಿನ್ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು, ಮುಷ್ಟಿ ಸಡಿಲಿಸಿರಲಿಲ್ಲ.

"ಏನೂ ಇಲ್ಲ ಕಣೇ," ಅಂದಳು. "ಈ ಸಲ ಸಿಕ್ಕಿಬಿದ್ದದ್ದು ನಾನು."