ಬಿಚ್ಚಿ ನೋಡಬಾರದ ಚೀಲ

೧

ಈ ಕಥೆಯನ್ನು ಕುಕ್ಕರಿನಿಂದ ಶುರುಮಾಡುವುದೋ, ಬಕೆಟ್ಟಿನಿಂದಲೋ? ಕುಕ್ಕರು ಅಮ್ಮನದು, ಬಕೆಟ್ಟು ಮಗಳದು. ಯಾವುದನ್ನು ಮೊದಲು ತಂದರೂ ಇನ್ನೊಬ್ಬಳು ಮುಖ ಊದಿಸಿಕೊಳ್ಳುತ್ತಾಳೆ.

ಮೊದಲ ಸಲ ‘ಒಂದು ಮನೆಯಲ್ಲಿ ಒಂದು ಅಣಬೆ ಇತ್ತು’ ಎಂದು ಬರೆದೆ. ಅಳಿಸಿದೆ, ಅಣಬೆ ಇನ್ನೂ ಹುಟ್ಟಿಲ್ಲ. ಎರಡನೆಯ ಸಲ ‘ಆಕೆ ದಿನವಿಡೀ ಕೊಲ್ಲುತ್ತಿದ್ದಳು’ ಎಂದು ಬರೆದೆ. ಸಾಲೇನೋ ಜೋರಾಗಿದೆ, ಆದರೆ ನೀವು ಪೊಲೀಸರು ಯಾವಾಗ ಬರುತ್ತಾರೆಂದು ಕಾಯುತ್ತ ಕೂರುತ್ತೀರಿ. ಆಕೆ ಕೊಲ್ಲುತ್ತಿದ್ದುದು ಕಣ್ಣಿಗೆ ಕಾಣದ ಜೀವಗಳನ್ನು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟ, ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ, ಉಗಿಯ ಪೆಟ್ಟಿಗೆಗೆ ಹಾಕಿ ಸ್ಟೆರಿಲೈಜ್ ಮಾಡುವುದು ಆಕೆಯ ಕೆಲಸ. ಜೊತೆಯವರು ಇಟ್ಟ ಹೆಸರು ಉಗಿಯಮ್ಮ. (ಬೈಯುವುದರಲ್ಲೂ ಆ ಹೆಸರಿಗೆ ಮೋಸವಿಲ್ಲ.) ನಾವೂ ಹಾಗೇ ಕರೆಯೋಣ.

ಅಲ್ಲಿ ಪ್ರತಿ ಗಂಟಿನ ಮೇಲೂ ಒಂದು ತುಂಡು ಟೇಪು ಅಂಟಿಸುತ್ತಾರೆ. ಒಳಗೆ ಹೋಗುವಾಗ ಅದು ಬರೀ ಮಾಸಲು. ಹೊರಗೆ ಬರುವಾಗ ಮೈಮೇಲೆ ಕಪ್ಪು ಗೆರೆಗಳು ಮೂಡಿರುತ್ತವೆ. ಗೆರೆ ಇದ್ದರೆ ಉಗಿ ತಾಗಿದೆ ಎಂದು ಸಾಕ್ಷಿ. ಆ ಗೆರೆಗಳ ಮೇಲೆ ಉಗಿಯಮ್ಮನಿಗಿರುವ ನಂಬಿಕೆ ಕಟ್ಟಿಕೊಂಡ ಗಂಡನ ಮೇಲೂ ಇಲ್ಲ.

೨

ಗಂಡನನ್ನೂ ಪರಿಚಯ ಮಾಡಿಬಿಡುತ್ತೇನೆ. ಲಿಫ್ಟ್ ರಿಪೇರಿಯವನು. ‘ನನ್ನ ಬಾಳೇ ಮೇಲೆ ಕೆಳಗೆ’ ಎಂಬ ಒಂದೇ ಜೋಕನ್ನು ಮದುವೆಯ ದಿನದಿಂದ ತೇಯುತ್ತಿದ್ದಾನೆ. ಹೊಸ ಲಿಫ್ಟಿನ ಕನ್ನಡಿಗಳಿಗೆ ಸುತ್ತಿ ಬಂದ ಒಣಹುಲ್ಲನ್ನು ಎಸೆಯಲು ಮನಸ್ಸಾಗದೆ ಎರಡು ಮೂಟೆ ಹೊತ್ತು ತಂದವನು ಅವನೇ. ಬೀದಿ ಕೊನೆಯಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿರುವ ಹೆಂಗಸು, ಎಲ್ಲರ ಬಾಯಲ್ಲೂ ಬೀಜದಕ್ಕ, ಆ ಹುಲ್ಲು ನೋಡಿ ಒಂದು ಪೊಟ್ಟಣ ಕೊಟ್ಟಳು. ಒಳಗೆ ಜೋಳದ ಕಾಳು, ಕಾಳಿನ ಮೇಲೆಲ್ಲ ಬಿಳಿ ಬೂಷ್ಟು. ಅಣಬೆ ಬೀಜ ಅಂದರೆ ಅದೇ.

ಬೂಷ್ಟನ್ನು ಕಾಸು ಕೊಟ್ಟು ತರುವುದೇ! ಉಗಿಯಮ್ಮ ಪೊಟ್ಟಣವನ್ನು ಎರಡೇ ಬೆರಳಲ್ಲಿ ಎತ್ತಿ ದೂರ ಇಟ್ಟಳು. ಆಮೇಲೆ ಹಟ ಹುಟ್ಟಿತು. ಬೆಳೆಸುವುದಾದರೆ ಕ್ಲೀನಾಗಿ ಬೆಳೆಸಿ ತೋರಿಸುತ್ತೇನೆ!

ಅದೇ ವಾರ ಮಗಳ ತಗಾದೆಯೂ ಶುರುವಾಗಿತ್ತು. ಮಗಳು ಒಂಬತ್ತರವಳು. ಹುಟ್ಟಿದಾಗ ಅಂಗೈಯಗಲ ಇದ್ದಳಂತೆ, ಹಾಗಾಗಿ ಬಟಾಣಿ.

“ಅಮ್ಮಾ, ಕ್ಲಾಸಲ್ಲಿ ಎಲ್ಲರೂ ಹೋಗ್ತಿದ್ದಾರೆ. ಕೆರೆ ದಂಡೇಲಿ ಟೆಂಟು. ಎರಡೇ ರಾತ್ರಿ.”

“ನೋಡೋಣ.”

“ನೀನು ನೋಡೋಣ ಅಂದ್ರೆ ಇಲ್ಲ ಅಂತ. ನಂಗೊತ್ತು.”

“ಅಲ್ಲಿ ಕೈ ತೊಳೆಯೋಕೆ ನಲ್ಲಿ ಇರುತ್ತಾ?”

“ಕೆರೇನೇ ಇರುತ್ತಲ್ಲಮ್ಮಾ!”

ಕೆರೆಯ ನೀರಿನಲ್ಲಿ ಏನೇನಿರುತ್ತದೆ ಎಂದು ಉಗಿಯಮ್ಮ ವಿವರಿಸಿದಳು. (ಊಟಕ್ಕೆ ಕೂತು ಓದುವವರೂ ಇರುತ್ತೀರಿ, ಆ ಪ್ಯಾರಾ ತೆಗೆದಿದ್ದೇನೆ.) ಬಟಾಣಿ ಕೇಳಿಸಿಕೊಂಡು, ಹುಲ್ಲಿನ ಮೂಟೆ ನೋಡಿ, ಅಮ್ಮನನ್ನು ನೋಡಿದಳು.

“ಸರಿ, ಬೆಟ್. ನಾನೂ ಒಂದು ಚೀಲ ಹಾಕ್ತೀನಿ, ನಂದೇ ರೀತೀಲಿ. ಅದರಲ್ಲಿ ಅಣಬೆ ಬಂದ್ರೆ ನಾನು ಹೋಗ್ತೀನಿ.”

“ನಿನ್ನ ಉಗುರು ನೋಡ್ಕೊಂಡಿದ್ದೀಯಾ? ಕೊಳೆತು ನಾರುತ್ತೆ ಅಷ್ಟೇ.”

“ಮತ್ತೆ ಬೆಟ್ ಕಟ್ಟೋಕೆ ಯಾಕೆ ಭಯ?”

“ಸಿಕ್ಕಾಕೊಳ್ತು ನೋಡು ಲಿಫ್ಟು,” ಎಂದ ಅಪ್ಪ, “ಎರಡು ಮಹಡಿ ನಡುವೆ.”

“ಆಯ್ತು, ಬೆಟ್,” ಎಂದಳು ಉಗಿಯಮ್ಮ. ಗೆಲ್ಲುವುದು ತಾನೇ ಎಂಬುದರಲ್ಲಿ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

೨ (ಮತ್ತೆ, ಯಾಕೆಂದರೆ ಒಂದು ಮಾತು ಹೇಳದೆ ಮುಂದೆ ಹೋದರೆ ಈ ತಾಯಿಯನ್ನು ನೋಡಿ ನೀವು ನಗುತ್ತೀರಿ)

ಬಟಾಣಿ ಹುಟ್ಟಿ ನಾಲ್ಕು ವರ್ಷದವರೆಗೆ ಅವಳ ಮೈಗೆ ಕಾಯಿಲೆಯ ಎದುರು ನಿಲ್ಲುವ ಶಕ್ತಿಯೇ ಇರಲಿಲ್ಲ. ಅದೇ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಎಷ್ಟೋ ತಿಂಗಳು ಇದ್ದಳು. ಅಮ್ಮ ಗಾಜಿನ ಈಚೆಯಿಂದ ಅಂಗೈ ಒತ್ತುವುದು, ಮಗು ಆಚೆಯಿಂದ ಒತ್ತುವುದು. ಈಗ ವಾಸಿಯಾಗಿದೆ. ‘ಇನ್ನು ಇವಳು ಎಲ್ಲ ಮಕ್ಕಳ ಹಾಗೆ’ ಎಂದು ಡಾಕ್ಟರು ಹೇಳಿ ವರ್ಷದ ಮೇಲಾಯಿತು. ಉಗಿಯಮ್ಮನ ಕಿವಿ ಅದನ್ನು ಕೇಳಿಸಿಕೊಂಡಿದೆ. ಕೈಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

೩

ಅಮ್ಮನ ವಿಧಾನ: ಹುಲ್ಲನ್ನು ಬೆರಳುದ್ದ ಕತ್ತರಿಸು. ನೆನೆಸು. ಬಟ್ಟೆಯಲ್ಲಿ ಗಂಟು ಕಟ್ಟಿ, ಆಸ್ಪತ್ರೆಯ ಟೇಪು ಅಂಟಿಸಿ, ಕುಕ್ಕರಿನಲ್ಲಿಟ್ಟು, ಪಕ್ಕದ ಮನೆಯವರು ಬಾಗಿಲು ಬಡಿಯುವವರೆಗೆ ಸೀಟಿ ಹಾಕಿಸು. ಗಂಟು ಹೊರತೆಗೆ, ಟೇಪು ನೋಡು. ಕಪ್ಪು ಗೆರೆ ಬಂತೇ, ಸಂತೋಷಪಡು. ಮೇಜನ್ನು ಸ್ಪಿರಿಟ್ಟಿನಲ್ಲಿ ಒರೆಸು. ಫ್ಯಾನು ಆರಿಸು. ಮಾಸ್ಕು, ಗ್ಲೌಸು. ಗಂಡನನ್ನು ಸೀನಲು ಮೆಟ್ಟಿಲಿಗೆ ಕಳಿಸು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಹಿಡಿ ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ. ಬಾಯಿ ಕಟ್ಟು.

ಮಗಳ ವಿಧಾನ: ಹುಲ್ಲು ಬಕೆಟ್ಟಿಗೆ. ಗೀಸರಿನಿಂದ ಕೈ ಸುಡುವ ನೀರು. ಮೇಲೆ ಹಳೆಯ ಕಂಬಳಿ. ಮಲಗು. ಬೆಳಿಗ್ಗೆದ್ದು ಸೋಸು. ಬೀಜದಕ್ಕ ಹೇಳಿದ್ದು: “ಒಂದು ಹಿಡಿ ಹಿಂಡಿ ನೋಡು ಮರಿ. ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು.” ಬಟಾಣಿ ಹಿಂಡಿದಳು, ಅದೇ ಕೈಯಲ್ಲಿ ಮೂಗು ಒರೆಸಿಕೊಂಡಳು, ಅದೇ ಕೈಯಲ್ಲಿ ಬೀಜ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಉಗಿಯಮ್ಮ ಕಣ್ಣು ಮುಚ್ಚಿಕೊಂಡಳು.

ಎರಡೂ ಚೀಲ ಬಟ್ಟೆ ಬೀರುವಿನ ಕೆಳಖಾನೆಗೆ ಹೋದವು. ಬೀಜದಕ್ಕನ ಕೊನೆಯ ಮಾತು ಇಬ್ಬರಿಗೂ ಒಂದೇ: “ಕತ್ತಲಲ್ಲಿ ಬಿಟ್ಬಿಡಿ. ಬಿಚ್ಚಿ ನೋಡಬೇಡಿ. ಎಷ್ಟು ಮನಸ್ಸಾದ್ರೂ ಬಿಚ್ಚಬೇಡಿ.”

<s>೪</s> (ಹೊಡೆದು ಹಾಕಿದ್ದು)

ಇಲ್ಲಿ ಉಗಿಯಮ್ಮ ನೇರವಾಗಿ ನನ್ನ ಬಳಿಗೇ ಬಂದಳು. “ಮೇಡಂ, ನೀವೂ ಮಕ್ಕಳಿರೋರು. ನಿಮಗೆ ಅರ್ಥ ಆಗುತ್ತೆ. ಬಟಾಣಿ ಚೀಲ ಕೊಳೆತುಹೋಗ್ಲಿ. ನಿಮ್ಮ ಕೈಲೇ ಇದೆ.”

ಅರ್ಥವಾಯಿತು. ನನ್ನ ಮನೆಯಲ್ಲೂ ಒಂದು ಕೆಮ್ಮು ಇದೆ. ಅದು ಎರಡನೆಯ ಸಲ ಕೇಳಿಸುವ ಮೊದಲೇ ನಾನು ಎದ್ದಿರುತ್ತೇನೆ. ಬರೆದೆ: ‘ಮಗಳ ಚೀಲದಿಂದ ಹುಳಿ ವಾಸನೆ ಹೊರಟಿತು. ಹುಲ್ಲು ಕಪ್ಪಾಗಿ ಲೋಳೆಯಾಗಿತ್ತು.’

ಶಾಯಿ ಆರುವ ಮೊದಲು ಬಟಾಣಿ ಎದುರಿಗೆ ನಿಂತಿದ್ದಳು, ಸೊಂಟದ ಮೇಲೆ ಕೈ.

“ಆಂಟಿ, ಇದು ಮೋಸ.”

“ಹೀಗೂ ಆಗುತ್ತೆ ಮರಿ, ಎಷ್ಟೋ ಚೀಲ ಕೊಳೆಯುತ್ತೆ.”

“ಕೊಳೆತ್ರೆ ಕೊಳೀಲಿ. ನೀವು ಕೊಳೆಸಬೇಡಿ. ನಿಮ್ಮ ಮನೆ ಮಕ್ಕಳಿಗೂ ಹೀಗೇ ಮಾಡ್ತೀರಾ?”

ಹೊಡೆದು ಹಾಕಿದೆ.

೫

ಉಗಿಯಮ್ಮ ತನ್ನ ಚೀಲ ಬಿಚ್ಚಿ ನೋಡಿದಳು. ಒಂದು ಸಲವಲ್ಲ, ದಿನಾ. ಪರೀಕ್ಷೆ ಮಾಡದೆ ಬಿಡುವುದು ಆಕೆಯ ರಕ್ತದಲ್ಲೇ ಇಲ್ಲ. ಗ್ಲೌಸು ಹಾಕಿ, ಉಸಿರು ಬಿಗಿಹಿಡಿದು, ಎರಡೇ ಬೆರಳಷ್ಟು ಬಾಯಿ ತೆರೆದು ಇಣುಕುತ್ತಿದ್ದಳು. ಮೊದಲು ಏನೂ ಇಲ್ಲ. ಆಮೇಲೆ ಬಿಳಿ. ಆಮೇಲೆ ಬಿಳಿಯ ನಡುವೆ ಒಂದು ಹಸಿರು ಚುಕ್ಕೆ. ಹಸಿರು ಹಬ್ಬಿತು, ಇಡೀ ಚೀಲ ಪಾಚಿಗಟ್ಟಿದ ತೊಟ್ಟಿಯ ಹಾಗಾಯಿತು.

“ನೀವು ಒಳಗಿದ್ದ ಒಳ್ಳೇದು ಕೆಟ್ಟದ್ದು ಎಲ್ಲಾನೂ ಕೊಂದುಬಿಟ್ರಿ,” ಎಂದಳು ಬೀಜದಕ್ಕ. “ಖಾಲಿ ಮನೆ ಅದು. ಅದರ ಬಾಗಿಲು ದಿನಾ ತೆಗೀತಿದ್ರಿ. ಮೊದಲು ಹೊಕ್ಕವನೇ ಯಜಮಾನ. ಮಗು ಬರೀ ಬಿಸಿನೀರು ಹಾಕ್ತು. ಗಟ್ಟಿಮುಟ್ಟಾದ ಒಂದಿಷ್ಟು ಹಳೇ ಒಕ್ಕಲು ಉಳ್ಕೊಂಡ್ವು. ಈಗ ಅವೇ ಕಾವಲು.”

ನನ್ನ ಬಾಯಲ್ಲಿ ನೀರೂರಿತು. ಎಂಥ ನೀತಿ! ಕಥೆಯ ಕೊನೆಗೆ ಅಚ್ಚುಕಟ್ಟಾಗಿ ಕೂರುತ್ತದೆ. ಪೆನ್ನು ಎತ್ತಿದ್ದೆ, ಉಗಿಯಮ್ಮ ಕೈ ಹಿಡಿದಳು.

“ಅದನ್ನ ಬರೀಬೇಡಿ. ನನ್ನ ಮಗಳು ಹುಲ್ಲಲ್ಲ. ಚೀಲ ಹಾಳಾದ್ರೆ ಇನ್ನೊಂದು ಪೊಟ್ಟಣ ತಂದು ಹಾಕ್ತೀವಿ. ಅವಳು ಹಾಳಾದ್ರೆ?”

ಪೆನ್ನು ಕೆಳಗಿಟ್ಟೆ. ಈ ಕಥೆಯಲ್ಲಿ ನೀತಿ ಇಲ್ಲ. ಅದು ಇರಬೇಕಾಗಿದ್ದ ಜಾಗ ಖಾಲಿ ಬಿಟ್ಟಿದ್ದೇನೆ. ಏನು ಹೊಗುತ್ತದೋ ಗೊತ್ತಿಲ್ಲ.

೬

ತನ್ನ ಚೀಲ ಎಸೆದು ಬಂದ ಉಗಿಯಮ್ಮ ಖಾನೆ ಒರೆಸಲು ಮಗಳ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಬಿಚ್ಚುವ ಯೋಚನೆಯಿರಲಿಲ್ಲ. ಮೋಸ ಮಾಡುವ ಯೋಚನೆ, ಸತ್ಯ ಹೇಳಬೇಕೆಂದರೆ, ಒಂದು ಕ್ಷಣ ಇತ್ತು. ಉಗುರಿನಿಂದ ಒಂದು ತೂತು ಮಾಡಿದರೆ ಸಾಕಿತ್ತು.

ಚೀಲ ಬೆಚ್ಚಗಿತ್ತು.

ಕೋಣೆ ತಣ್ಣಗಿತ್ತು, ಬೀರು ತಣ್ಣಗಿತ್ತು. ಚೀಲ ಮಾತ್ರ ಬೆಚ್ಚಗೆ. ಯಾವುದು ಬೆಚ್ಚಗಿದ್ದರೂ ಉಗಿಯಮ್ಮನ ಎದೆಗೆ ತಿಳಿಯುವುದು ಒಂದೇ ಭಾಷೆ. ಥರ್ಮಾಮೀಟರ್ ತಂದು ಚೀಲಕ್ಕೆ ಒತ್ತಿ ಹಿಡಿದಳು. ಬೀಜದಕ್ಕನಿಗೆ ಫೋನು.

“ಅಕ್ಕಾ, ಚೀಲಕ್ಕೆ ಜ್ವರ ಬಂದಿದೆ.”

ಆ ಕಡೆ ನಗು ತಡೆದುಕೊಂಡ ಸದ್ದು. “ಜ್ವರ ಅಲ್ಲ ತಾಯಿ. ಬದುಕಿದೆ ಅದು, ಉಣ್ತಿದೆ, ಉಸಿರಾಡ್ತಿದೆ. ಬದುಕಿರೋದು ಬೆಚ್ಚಗೇ ಇರುತ್ತೆ.”

ಫೋನಿಟ್ಟ ಮೇಲೂ ಆಕೆ ಏಳಲಿಲ್ಲ. ಪ್ಲಾಸ್ಟಿಕ್ಕಿನ ಈಚೆ ಅಂಗೈ, ಆಚೆ ಬಿಳಿ. ನೂಲಿಗಿಂತ ನವಿರಾದ ಎಳೆಗಳು ಒಂದೊಂದು ಹುಲ್ಲುಕಡ್ಡಿಯನ್ನೂ ತಡವುತ್ತ, ಅಪ್ಪುತ್ತ, ದಾಟುತ್ತ, ಚಳಿಯಲ್ಲಿ ಗಾಜಿನ ಮೇಲೆ ಬಿಟ್ಟ ಉಸಿರಿನ ಹಾಗೆ ಹಬ್ಬಿದ್ದವು. ಕಣ್ಣಿಲ್ಲದ್ದು, ಕತ್ತಲಲ್ಲಿದ್ದದ್ದು, ದಾರಿ ಹೇಗೆ ಕಂಡುಕೊಂಡಿತು? ಯಾರ ಅಪ್ಪಣೆ ಕೇಳಿತು? ಈ ಕೈಗಳಿಂದ ಕೋಟಿಗಟ್ಟಲೆ ಕೊಂದಿದ್ದಾಳೆ. ಒಂದೇ ಒಂದು ಸಲವೂ ಅವುಗಳ ಬಿಸಿ ತಾಗಿರಲಿಲ್ಲ. ಇಷ್ಟು ವರ್ಷ ತಾನು ಜಗಳವಾಡುತ್ತಿದ್ದವರ ಮುಖವನ್ನು ಈಗಷ್ಟೇ ನೋಡಿದವಳಂತೆ ಆಕೆ ಕೂತಿದ್ದಳು.

ಚೀಲವನ್ನು ಒಳಗಿಟ್ಟಳು. ತೂತು ಮಾಡಲಿಲ್ಲ.

೭

ಇಡೀ ಚೀಲ ಬೆಳ್ಳಗೆ ಗಟ್ಟಿಯಾದ ಮೇಲೆ ಬೀಜದಕ್ಕ ಹೇಳಿದಂತೆ ಅಲ್ಲಲ್ಲಿ ಗೀರಿ, ಬಚ್ಚಲುಮನೆಯ ಕಿಟಕಿಗೆ ತೂಗುಹಾಕಿದರು. ಬಟಾಣಿ ದಿನಾ ನೀರು ಚಿಮುಕಿಸಿದಳು. ಏನೂ ಇಲ್ಲ. ಟ್ರಿಪ್ಪಿಗೆ ಹೆಸರು ಕೊಡುವ ದಿನ ಹತ್ತಿರ ಬಂತು. ಏನೂ ಇಲ್ಲ. “ಕೆಟ್ಟು ನಿಂತಿರೋ ಲಿಫ್ಟಿಗೆ ಗುಂಡಿ ಒತ್ತಿದ ಹಾಗೆ,” ಎಂದ ಅಪ್ಪ. ಬಟಾಣಿ ನಗಲಿಲ್ಲ.

ನಾನೇ ಎರಡು ಅಣಬೆ ತಂದು ನೆಡೋಣವೆಂದುಕೊಂಡೆ. ನನ್ನ ಕಥೆ ತಾನೇ? ಆದರೆ ಮಗು ಹೇಳಿದ ಮಾತು ಎರಡೂ ಕಡೆಗೆ ಕತ್ತರಿಸುತ್ತದೆ. ಕೊಳೆಸಬಾರದು ಅಂದರೆ ಬೆಳೆಸಲೂಬಾರದು. ನಾನೂ ಕಾದೆ.

ಒಂದು ಬೆಳಿಗ್ಗೆ ಹಲ್ಲುಜ್ಜಲು ಹೋದ ಬಟಾಣಿ ಕೂಗಲಿಲ್ಲ. ಅದೇ ವಿಚಿತ್ರವೆಂದು ಉಗಿಯಮ್ಮ ಓಡಿದಳು. ಒಂದು ಗೀರಿನಲ್ಲಿ ಸಾಸಿವೆ ಕಾಳಿನಷ್ಟು ಬೂದುಬಣ್ಣದ ತಲೆಗಳು, ಒತ್ತೊತ್ತಾಗಿ, ಹೊರಗೇನು ನಡೆಯುತ್ತಿದೆ ಎಂದು ನೋಡಲು ನುಗ್ಗಿದ ಮಕ್ಕಳಂತೆ. ಮಧ್ಯಾಹ್ನಕ್ಕೆ ಗುಂಡಿಯಷ್ಟು. ಸಂಜೆಗೆ ಕಿವಿಯಷ್ಟು. ಮರುದಿನ ಅಂಗೈಯಗಲ, ಒಂದರ ಮೇಲೊಂದು, ಅಂಚು ಅಲೆಯಲೆಯಾಗಿ, ಅಡಿಯಲ್ಲಿ ಪುಸ್ತಕದ ಹಾಳೆಗಳಂಥ ಮಡಿಕೆ. ಯಾರೂ ತಳ್ಳಲಿಲ್ಲ, ಯಾರೂ ಎಳೆಯಲಿಲ್ಲ, ಒಂದಿಷ್ಟೂ ಸದ್ದಿಲ್ಲ. ಕನ್ನಡಿಗೆ ಸುತ್ತಿದ್ದ ಒಣಹುಲ್ಲು!

ಅಪ್ಪ ಬಾಗಿಲಲ್ಲಿ ನಿಂತು ಜೋಕಿಗಾಗಿ ಬಾಯಿ ತೆರೆದ. ಬಂದದ್ದು ಎಣಿಕೆ: ಒಂದು, ಎರಡು, ಮೂರು.

ಉಗಿಯಮ್ಮ ಗ್ಲೌಸಿಲ್ಲದ ಬೆರಳಿನಿಂದ ಒಂದು ಅಂಚನ್ನು ಮುಟ್ಟಿದಳು.

“ಅಮ್ಮಾ, ಕೈ ತೊಳ್ಕೊಂಡಿದ್ದೀಯಾ?” ಎಂದಳು ಬಟಾಣಿ.

೮

ಬೆಟ್ ಮಗಳು ಗೆದ್ದಳು. ಇನ್ನು ಕೊನೆ.

ಕೊನೆ ಅ: ಉಗಿಯಮ್ಮ ಮಾತು ತಪ್ಪುತ್ತಾಳೆ. (ಓದಿ ಹೇಳಿದೆ. “ನಾನು ಬೈಗುಳದೋಳು, ಸುಳ್ಳಿನೋಳಲ್ಲ,” ಎಂದಳು.)

ಕೊನೆ ಆ: ಬಟಾಣಿ ಕೆಮ್ಮುತ್ತ ಮರಳುತ್ತಾಳೆ. (ಬರೆದ ಹಾಳೆಯನ್ನೇ ಹರಿದೆ.)

ಕೊನೆ ಇ: ಬಟಾಣಿ ಕೆಸರು ಮೆತ್ತಿಕೊಂಡು ನಗುತ್ತ ಮರಳುತ್ತಾಳೆ, ಎಲ್ಲರೂ ಕೂತು ಅಣಬೆ ಹುರಿದು ತಿನ್ನುತ್ತಾರೆ. (ಇದಕ್ಕೆ ಸಕ್ಕರೆ ಜಾಸ್ತಿಯಾಯಿತು. ಅಣಬೆಯನ್ನು ಹೊರಡುವ ಮುಂಚೆಯೇ ತಿಂದು ಮುಗಿಸಿದ್ದರು.)

ನಡೆದದ್ದು ಇಷ್ಟು: ಬಸ್ಸು ಬಂತು. ಉಗಿಯಮ್ಮ ಮಗಳ ಬ್ಯಾಗಿನ ಪಕ್ಕದ ಜೇಬಿಗೆ ಸ್ಪಿರಿಟ್ಟಿನ ಬಾಟಲಿ ತುರುಕಿದಳು. ಬಸ್ಸು ಹೊರಡುವಾಗ ಕಿಟಕಿಯಿಂದ ಒಂದು ಪುಟ್ಟ ಕೈ ಆ ಬಾಟಲಿಯನ್ನು ವಾಪಸು ಕೊಟ್ಟಿತು. ಆಮೇಲೆ ಕಿಟಕಿ ಮುಚ್ಚಿ, ಗಾಜಿಗೆ ಅಂಗೈ ಒತ್ತಿತು. ಈಚೆಯಿಂದ ಒತ್ತಲು ಅಮ್ಮ ಕೈ ಎತ್ತುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು.

೯

ಎರಡನೆಯ ಸಂಜೆ. ಬಚ್ಚಲುಮನೆಯ ಕಿಟಕಿಯಲ್ಲಿ ಚೀಲ ಮತ್ತೆ ಬರೀ ಬಿಳಿ. ಇನ್ನೊಂದು ಬೆಳೆ ಬರಬಹುದು, ಬಾರದೆಯೂ ಇರಬಹುದು, ಎಂದಿದ್ದಾಳೆ ಬೀಜದಕ್ಕ. ಉಗಿಯಮ್ಮ ನೀರು ಚಿಮುಕಿಸಿ ನನ್ನ ಕಡೆ ತಿರುಗಿದಳು.

“ಮೇಡಂ, ಒಂದೇ ಒಂದು ಸಾಲು. ಅವಳು ಈಗ ಹೇಗಿದ್ದಾಳೆ? ನೀವು ಬರೆಯೋರು, ನಿಮಗೆ ಕಾಣುತ್ತೆ. ಗೆರೆ ಮೂಡಿದೆಯಾ ಇಲ್ವಾ, ಅಷ್ಟು ಹೇಳಿ ಸಾಕು.”

ಹೋದೆ. ಕೆರೆಯ ದಂಡೆ, ಸಾಲಾಗಿ ಟೆಂಟುಗಳು. ಬಟಾಣಿಯದು ಕೊನೆಯದು. ಜಿಪ್ಪಿನ ತುದಿ ನನ್ನ ಬೆರಳಲ್ಲಿದೆ. ಎರಡೇ ಬೆರಳಷ್ಟು ಇಳಿಸಿದರೆ ಎಲ್ಲ ಕಾಣುತ್ತದೆ: ನಿಮಗೂ, ನನಗೂ, ಆಕೆಗೂ.

ಜಿಪ್ಪು ಬಿಟ್ಟೆ. ಟೆಂಟಿನ ಬಟ್ಟೆಗೆ ಹೊರಗಿನಿಂದ ಅಂಗೈ ಒತ್ತಿದೆ.

“ಬೆಚ್ಚಗಿದೆ,” ಎಂದೆ.

“ಹಗಲ ಬಿಸಿಲಿಗೆ ಇರಬಹುದು,” ಎಂದಳು ಉಗಿಯಮ್ಮ.

ಇರಬಹುದು. ನಾನಿನ್ನೂ ಕೈ ತೆಗೆದಿಲ್ಲ.