ಹಲಗೆಯ ದಾರಿ

ಕಿಟಕಿಯ ಕೆಳಗೆ, ನೆಲದ ಮೇಲೆ, ಎರಕದ ಕಬ್ಬಿಣದ ರೆಕ್ಕೆಯೊಂದು ಅಂಗಾತ ಬಿದ್ದಿತ್ತು. ಗರಗಸದ ಮೇಜಿನ ಬಲಭಾಗವಾಗಿ ಅದೆಷ್ಟೋ ವರ್ಷ ಮರದ ಭಾರ ಹೊತ್ತದ್ದು. ಹಲಗೆಗಳು ಉಜ್ಜಿ ಉಜ್ಜಿ ಅದರ ಮೈ ನಿಂತ ನೀರಿನಂತೆ ಹೊಳೆಯುತ್ತಿತ್ತು. ಆಗಷ್ಟೇ ಕತ್ತರಿಸಿದ ಅಂಚು ಮಾತ್ರ ಒರಟಾಗಿ, ಬೂದಿಯ ಬಣ್ಣದಲ್ಲಿತ್ತು. ಅದರ ಮೇಲೆ ಬಿಸಿಲಿನದೊಂದು ಚೌಕ. ಚೌಕದೊಳಗೆ ಮರದ ಹೊಟ್ಟು, ಯಾರೂ ಒರೆಸಲು ಮನಸ್ಸು ಮಾಡದಂತೆ, ಸುಮ್ಮನೆ ಕೂತಿತ್ತು.

"ಏನಯ್ಯ, ಹೆಣದ ಮುಂದೆ ಕೂತ ಹಾಗೆ ಕೂತಿದ್ದೀಯಲ್ಲ," ಎಂದ ವೆಲ್ಡರ್ ಗೆಳೆಯ.

"ಒಂದು ಕೈ ಕತ್ತರಿಸಿದ ಹಾಗಾಯ್ತು," ಎಂದ ಬಡಗಿ.

"ನಿನ್ನ ಕೈ ಅಲ್ಲವಲ್ಲ, ಸದ್ಯ. ನಿಮ್ಮ ಕಸುಬಲ್ಲಿ ಎಲ್ಲರಿಗೂ ಆ ಪುಣ್ಯ ಇರಲ್ಲ."

ಅಕ್ಕನಿಗೆ ಮಹಡಿಯ ಮೆಟ್ಟಿಲು ಹತ್ತಲಾಗದೆ ಹೋದಾಗ, ಬಡಗಿ ಬೀದಿಗೆ ತೆರೆದಿದ್ದ ತನ್ನ ಕೆಲಸದ ಕೋಣೆಯ ನಡುವೆ ಗೋಡೆ ಎಬ್ಬಿಸಿ, ಒಳಭಾಗವನ್ನು ಅವಳಿಗೆ ಬಿಟ್ಟುಕೊಟ್ಟಿದ್ದ. ಅವಳು ಬೇಡವೆಂದಿದ್ದಳು; ಅವನು ಕೇಳಿರಲಿಲ್ಲ. ಉಳಿದ ಅರ್ಧದಲ್ಲಿ ಗರಗಸ ಮತ್ತು ಹಲಗೆಯ ಮೈ ಕೀಸುವ ಹತ್ತರಿ ಯಂತ್ರ, ಎರಡೂ ಹಿಡಿಸಬೇಕಿತ್ತು. ಹಿಡಿಸದಿದ್ದರೆ ಬಾಗಿಲು ಮಾಡುವ ಕೆಲಸವನ್ನೇ ಬಿಡಬೇಕು. ಅವನು ಮನಸ್ಸಿಟ್ಟು ಮಾಡುತ್ತಿದ್ದದ್ದು ಅದೊಂದೇ. ಅದಕ್ಕೇ ಎರಡು ಯಂತ್ರಗಳನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಎರಡಕ್ಕೂ ಒಂದೇ ಮೋಟಾರು ಕೊಟ್ಟು, ಬೆಲ್ಟನ್ನು ಅತ್ತಿಂದಿತ್ತ ಬದಲಿಸುವಂತೆ ಮಾಡಿ, ಕೆಳಗೆ ಗಾಲಿ ಹಾಕಿಸಿದ್ದ. ಜಾಗ ಸಾಲದೆ ರೆಕ್ಕೆ ಕತ್ತರಿಸಿಸಿದ್ದು ಆ ಲೆಕ್ಕದಲ್ಲಿ.

"ನೋಡು, ನಿನ್ನ ಕಾರ್ಖಾನೆ ಈಗ ಒಂದು ಬೀರುವಿನಷ್ಟು," ಎಂದು ವೆಲ್ಡರ್ ಕೈ ಒರೆಸಿಕೊಂಡ. "ಬೀಗ ಹಾಕಿ ಜೇಬಲ್ಲಿಟ್ಟುಕೊಂಡು ಹೋಗಬಹುದು."

ಬಡಗಿ ಬೆಲ್ಟನ್ನು ಹತ್ತರಿಯ ಕಡೆಗೆ ಬದಲಿಸಿ, ಬಾಗಿಲಿಗೆಂದು ತೆಗೆದಿರಿಸಿದ್ದ ಉದ್ದನೆಯ ಹಲಗೆಯನ್ನು ಒಳಗೆ ಕೊಟ್ಟ. ಯಂತ್ರ ಹಳೆಯ ದನಿಯಲ್ಲೇ ಹಾಡಿತು. ಹಲಗೆ ಅರ್ಧ ದಾಟುವಷ್ಟರಲ್ಲಿ ಅದರ ತುದಿ ಗೋಡೆಗೆ ದಬ್ಬೆಂದು ಬಡಿಯಿತು. ಅವನು ಸ್ವಿಚ್ಚು ಆರಿಸಿದ.

"ಯಾರೋ ಅದು ಗೋಡೆ ತಟ್ಟೋದು?" ಒಳಗಿನಿಂದ ಅಕ್ಕ ಕೇಳಿದಳು.

"ಬಾಗಿಲಾಗಬೇಕಾದ ಹಲಗೆ, ಅಕ್ಕ," ಎಂದ ವೆಲ್ಡರ್. "ಅವಸರ ಅದಕ್ಕೆ."

ಬಡಗಿ ನಗಲಿಲ್ಲ. ಟೇಪು ಹಿಡಿದು ಅವನು ಯಂತ್ರದ ಕಾಲು ಕಾಲನ್ನೂ ಅಳೆದಿದ್ದ, ಗಾಲಿ ತಿರುಗುವ ಜಾಗವನ್ನೂ ಅಳೆದಿದ್ದ. ಹಲಗೆ ಯಂತ್ರದ ಮುಂದೆ ಎಷ್ಟು ಉದ್ದವೋ, ದಾಟಿದ ಮೇಲೆ ಹಿಂದೆಯೂ ಅಷ್ಟೇ ಉದ್ದ ಎಂಬುದನ್ನು, ಜೀವಮಾನವಿಡೀ ಮರದೊಂದಿಗೇ ಕಳೆದವನು, ಮರೆತಿದ್ದ.

"ಬಿಡು," ಎಂದ ಕೊನೆಗೆ. "ಇನ್ನು ಮೇಲೆ ಸ್ಟೂಲು, ಮಣೆ ಮಾಡ್ಕೊಂಡಿರ್ತೀನಿ."

ಅಕ್ಕ ಆ ಗೋಡೆಯಲ್ಲೇ ಇದ್ದ ತನ್ನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. "ಗೋಡೆಗೆ ಯಾಕೋ ಬಡೀತೀಯ? ಬಾಗಿಲಿದೆಯಲ್ಲ. ಯಂತ್ರ ಇದರ ಎದುರಿಗೆ ತಳ್ಳು. ಹಲಗೆ ನನ್ನ ಮಂಚದ ಮೇಲಿಂದ ಹಾದು ಹೋಗುತ್ತೆ."

"ಯಂತ್ರ ಅಡ್ಡ ನಿಂತರೆ ನೀನು ಹೊರಗೆ ಬರೋಕಾಗಲ್ಲ."

"ಮೊದಲೇ ಬಂದುಬಿಡ್ತೀನಿ."

"ನಿನ್ನ ಓಡಾಟ ತಪ್ಪಲಿ ಅಂತ ಅಲ್ವಾ ಇಷ್ಟೆಲ್ಲ ಮಾಡಿದ್ದು?"

"ನೀನು ಸ್ಟೂಲು ಮಾಡ್ತಾ ಮುಖ ಗಂಟು ಹಾಕ್ಕೊಂಡಿರೋದನ್ನ ದಿನಾ ನೋಡೋದಕ್ಕಿಂತ, ಬೀದೀಲಿ ಕೂತು ಹೋಗೋ ಬರೋರನ್ನ ನೋಡ್ತೀನಿ. ಸಣ್ಣವನಿದ್ದಾಗಲೂ ಹೀಗೇ ನೀನು. ಕೊಟ್ಟದ್ದನ್ನ ವಾಪಸ್ ಇಸ್ಕೊಳ್ಳೋಕೆ ನಾಚಿಕೆ."

"ಅಕ್ಕ..."

"ತಳ್ಳಪ್ಪ ನೀನು, ಇವನ ಮಾತು ಕೇಳ್ತಾ ಕೂತರೆ ಕತ್ತಲಾಗುತ್ತೆ," ಎಂದಳು ವೆಲ್ಡರಿಗೆ.

ಒಂದು ಕೈಯಲ್ಲಿ ಕೋಲು, ಇನ್ನೊಂದನ್ನು ಗೋಡೆಗೆ ಆನಿಸಿ ಅವಳು ಹೊರಟಳು. ಗೋಡೆ ಮುಗಿದ ಕಡೆ ಯಂತ್ರದ ಹೊಸ ಚೌಕಟ್ಟಿನ ಕಬ್ಬಿಣ ಹಿಡಿದು ಉಸಿರು ತಿರುಗಿಸಿಕೊಂಡಳು. ಬಡಗಿ ಸ್ಟೂಲೊಂದನ್ನು ಎತ್ತಿಕೊಂಡು ಮುಂದೆ ನಡೆದು, ಬೀದಿಯ ಮಗ್ಗುಲಿಗೆ ಇಟ್ಟು ಬಂದ. ವೆಲ್ಡರ್ ಯಂತ್ರವನ್ನು ಬಾಗಿಲ ಎದುರಿಗೆ ತಳ್ಳಿದ. ಬಾಗಿಲಾಚೆ ಮಂಚ, ಮಡಿಸಿಟ್ಟ ಹೊದಿಕೆ, ದಿಂಬಿನ ನಡುವೆ ತಲೆಯ ಗುರುತು.

ಹಲಗೆಯನ್ನು ಎತ್ತಿಕೊಂಡು ಬಡಗಿ ಕಾದ. ಹೊಸ್ತಿಲು ದಾಟಿದ ಅಕ್ಕ, ಹೊಟ್ಟು ತನ್ನ ಮೇಲೆ ಬಾರದಿರಲೆಂದು, ಹಿಂದೆ ತಿರುಗದೆಯೇ ಬೀದಿಬಾಗಿಲನ್ನು ಎಳೆದುಕೊಂಡಳು.